ಕೆಂಡದಕ್ಕನ ದಿಬ್ಬ

ಕಣ್ಣು ಹಾಯಿಸಿದಷ್ಟೂ ಹುಲ್ಲೇ ಇರುವ ಕಾವಲಿನ ನಡುವೆ ಒಂದು ದಿಬ್ಬ. ಅದರ ಮೇಲೆ ಏಳು ಕಡೆ ಮಸಿ ಹಿಡಿದ ಒಲೆಗಲ್ಲುಗಳು, ಪಕ್ಕದಲ್ಲಿ ಎರಡು ಸಮಾಧಿ. ದಾರಿಹೋಕರು ಯಾರೋ ಅಡುಗೆ ಮಾಡಿಕೊಂಡು ಹೋದ ಜಾಗವೆಂದು ಕಲ್ಲುಗಳನ್ನು ಕಾಲಲ್ಲಿ ಒದ್ದು ನೋಡುತ್ತಾರೆ. ಒದೆಯಬಾರದು. ಅದು ಕೆಂಡದಕ್ಕನ ದಿಬ್ಬ. ಕೆಳಗಿನ ಊರು ಹುಟ್ಟಿದ್ದೇ ಅಲ್ಲಿಂದ.

ಹಿಂದೆ ಒಮ್ಮೆ ಇಲ್ಲಿ ಪಾಳೆಯಗಾರನ ಕುದುರೆಗಳು ಮೇಯುತ್ತಿದ್ದವಂತೆ. ಹುಲ್ಲು ಕಿತ್ತು ಹೊಲ ಮಾಡಿಕೊಳ್ಳಲು ಏಳು ಒಕ್ಕಲಿಗೆ ಅಪ್ಪಣೆಯಾಯಿತು, ಒಂದು ಕರಾರಿನ ಮೇಲೆ: ವರ್ಷದೊಳಗೆ ಯಾವ ದಿನ ಬಂದು ನೋಡಿದರೂ ಏಳು ಒಲೆಯ ಹೊಗೆ ಕಾಣಬೇಕು, ಇಲ್ಲವಾದರೆ ನೆಲ ಮತ್ತೆ ಕುದುರೆಗಳಿಗೆ. ಬಾವಿ ತೋಡುವಾಗ ಮಣ್ಣು ಕುಸಿದು ಈರಕ್ಕನ ಗಂಡ ಚಿತ್ತಯ್ಯ ಸತ್ತ. ಅಷ್ಟಾಗಿ ಬಂದ ನೀರೂ ಸವುಳು. ಉಳಿದ ಆರು ಒಕ್ಕಲೂ ಗಂಟುಮೂಟೆ ಕಟ್ಟಿದವು. “ಒಬ್ಬಳೇ ಇಲ್ಲೇನು ಮಾಡ್ತೀಯೇ, ಬಾ” ಎಂದು ಕರೆದರು. “ಇವನ ಮಣ್ಣಿನ ಮೇಲೆ ಕುದುರೆ ಓಡಾಡಲಿ ಅಂತೀರಾ? ನಾನು ಬರೋಳಲ್ಲ” ಎಂದಳು ಈರಕ್ಕ. ಹಟಮಾರಿ ಹೆಂಗಸು, ಬಿಡಿ.

ಅಂದಿನಿಂದ ಬೆಳಗಾದರೆ ಏಳು ಒಲೆ ಉರಿಸುವುದೇ ಅವಳ ಕೆಲಸವಾಯಿತು. ಬೆಂಕಿ ಬೇಕಾದರೆ ನೆರೆಮನೆಗೆ ಹೋಗಿ ಕೆಂಡ ಕೇಳುವುದು ಆಗಿನ ರೂಢಿ. ಈರಕ್ಕನೂ ಒಡೆದ ಮಡಕೆಯ ಬೋಕಿ ಹಿಡಿದು ಒಂದೊಂದು ಖಾಲಿ ಗುಡಿಸಿಲ ಬಾಗಿಲಲ್ಲೂ ನಿಂತು, “ಅಕ್ಕಾ, ಒಂದೀಟು ಕೆಂಡ ಕೊಡು” ಎನ್ನುತ್ತಿದ್ದಳು. ಕೇಳುವವಳೂ ಅವಳೇ, ಕೊಡುವವಳೂ ಅವಳೇ. ಇನ್ನೇನು ಮಾಡಿಯಾಳು? ಮಾತೇ ಮರೆತುಹೋದೀತೆಂಬ ಭಯ ಅವಳಿಗೆ.

ವರ್ಷ ತುಂಬಲು ಮೂರು ದಿನವಿರುವಾಗ ಬಯಲಿನಾಚೆ ಕುದುರೆ ಸವಾರನೊಬ್ಬ ಕಂಡ. ಹತ್ತಿರ ಬಂದರೆ ಗುಟ್ಟು ರಟ್ಟು. ಸವಾರ ನಿಂತ, ಏಳು ಹೊಗೆ ನೋಡಿದ, ಅಲ್ಲಿಂದಲೇ ಕುದುರೆ ತಿರುಗಿಸಿದ. ಗೆದ್ದಳಲ್ಲ! ಆದರೆ ಈರಕ್ಕ ಅವನ ಹಿಂದೆಯೇ ಓಡಿದಳಂತೆ: “ಅಯ್ಯೋ, ನಿಲ್ಲಪ್ಪಾ! ಒಂದು ಗಳಿಗೆ ಕೂತು ಹೋಗು!” ಅವನಿಗೆ ಕೇಳಿಸಲಿಲ್ಲ. ಹುಲ್ಲಿನಲ್ಲಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು.

ನೆಲ ಉಳಿಯಿತು. ಒಲೆಗಳನ್ನು ಮಾತ್ರ ಅವಳು ಆರಗೊಡಲಿಲ್ಲ. ಒಂದು ಬೆಳಿಗ್ಗೆ ಬೆನ್ನ ಹಿಂದೆ, “ಅಕ್ಕಾ, ಒಂದೀಟು ಕೆಂಡ ಕೊಡು” ಎಂದು ಕೇಳಿಸಿತು. ತನ್ನದೇ ದನಿಯೆಂದುಕೊಂಡು ಈರಕ್ಕ ತಿರುಗಲೇ ಇಲ್ಲ. ಮತ್ತೆ ಕೇಳಿಸಿತು. ತಿರುಗಿದರೆ ಬೋಕಿ ಹಿಡಿದ ಬಸುರಿ ಹೆಂಗಸೊಬ್ಬಳು. ಹೊಗೆ ಕಂಡು, ದೊಡ್ಡ ಊರೇ ಇದೆಯೆಂದು ಬಂದವಳು. ಅವಳ ಹಿಂದೆ ನಾಲ್ಕು ಗಾಡಿ ನಿಂತಿದ್ದವು. ಈಗಿನ ಊರಿನವರು ಅವರ ಸಂತತಿಯೇ ಎನ್ನುತ್ತಾರೆ.

ಇವತ್ತಿಗೂ ದಿಬ್ಬ ಹತ್ತಿದ ಊರಿನವರು ಅಲ್ಲಿ ಕಾಯಿ ಒಡೆಯುವುದಿಲ್ಲ, ವರ ಬೇಡುವುದಿಲ್ಲ. “ಅಕ್ಕಾ, ಒಂದೀಟು ಕೆಂಡ ಕೊಡು” ಎಂದು ಗಟ್ಟಿಯಾಗಿ ಕೇಳಿ, ಒಂದು ಗಳಿಗೆ ಕೂತು ಹೋಗುತ್ತಾರೆ.