ಸುಂಡಿಲಿ ಮರಿಗಳು ಸಾಲು ಕಟ್ಟಿದ್ದು

ಲೋಕ ಇನ್ನೂ ಹೊಸದಾಗಿತ್ತು. ಹಳ್ಳಗಳು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳುತ್ತಿದ್ದ ಕಾಲ ಅದು.

ಆಗ ದಟ್ಟವಾದ ಮಳೆಕಾಡಿನಲ್ಲಿ, ತರಗೆಲೆಗಳ ಅಡಿಯಲ್ಲಿ, ಸುಂಡವ್ವ ಎಂಬ ಸುಂಡಿಲಿ ಇದ್ದಳು. ನೋಡೋಕೆ ಇಲಿಯ ಹಾಗೆ, ಆದರೆ ಇಲಿಯಲ್ಲ. ಕಾಳು ಮುಟ್ಟುತ್ತಿರಲಿಲ್ಲ. ಗೆದ್ದಲು, ಜೀರುಂಡೆ, ಎರೆಹುಳು ಅವಳ ಊಟ. ಕಣ್ಣು ಸಾಸಿವೆಯಷ್ಟು. ಮೂಗು ಮಾತ್ರ ಉದ್ದ, ಬಲು ಚುರುಕು.

ಒಂದು ಬೆಳಿಗ್ಗೆ ಲೋಕದ ಮೊದಲ ದೊಡ್ಡ ಮಳೆ ಬಂತು. ಮಂಜು ಕವಿದು ಕಾಡೆಲ್ಲ ಬೆಳ್ಳಗಾಯಿತು. ಹಳ್ಳ ಉಕ್ಕಿತು.

“ಸುಂಡವ್ವಾ, ಬಂಡೆ ಹತ್ತು!” ಎಂದು ಹಳ್ಳ ಕೂಗಿತು. “ನಿಲ್ಲೋಣ ಅಂದ್ರೆ ಹಿಂದಿನ ನೀರು ನನ್ನ ನೂಕ್ತಾ ಇದೆ.”

“ಮಕ್ಕಳಿದಾವಲ್ಲ!”

“ಬಾಯಲ್ಲಿ ಹಿಡಿಯುವಷ್ಟು ಎತ್ತಿಕೋ. ಉಳಿದದ್ದು ಬಿಡು.”

ಬಾಯಲ್ಲಿ ಹಿಡಿಯುವುದು ಒಂದೇ ಮರಿ. ಗೂಡಿನಲ್ಲಿದ್ದದ್ದು ನಾಲ್ಕು.

“ಒಂದನ್ನೂ ಬಿಡೋದಿಲ್ಲ,” ಎಂದಳು. “ದೊಡ್ಡವಳೇ, ನನ್ನ ಬಾಲದ ಬುಡ ಕಚ್ಚು. ತಮ್ಮಾ, ನೀನು ಅಕ್ಕನದು ಕಚ್ಚು. ಹಾಗೇ ಒಬ್ಬರ ಹಿಂದೆ ಒಬ್ಬರು. ಏನೇ ಆಗಲಿ, ಬಾಯಿ ಬಿಡಬೇಡಿ!”

ಸಾಲು ಹೊರಟಿತು. ಬೇರು ಹತ್ತಿ, ಬೇರು ಇಳಿದು, ಮೂಸುತ್ತಾ ಮೂಸುತ್ತಾ. ಕಡವೆಗೇ ದಾರಿ ಕಾಣದ ಆ ಮಂಜಿನಲ್ಲಿ ಸುಂಡವ್ವನ ಮೂಗು ಮುಂದೆ, ಮಕ್ಕಳು ಹಿಂದೆ.

ಅರ್ಧ ದಾರಿಯಲ್ಲಿ ಮೂರನೆಯ ಮರಿ ಕಚ್ಚಿದ್ದನ್ನು ಬಿಡದೆ ಹಲ್ಲಿನ ಸಂದಿಯಿಂದಲೇ ಚೀರಿತು, “ಅವ್ವಾ, ನನ್ನ ಹಿಂದೆ ಯಾರೂ ಇಲ್ಲ!”

ಸುಂಡವ್ವ ಇಡೀ ಸಾಲನ್ನೇ ತಿರುಗಿಸಿದಳು.

“ಹಿಂದೆ ನೀರಿದೆ, ಹೋಗಬೇಡ,” ಎಂದಿತು ಗಾಳಿ.

“ಹಿಂದೆ ನನ್ನ ಕೂಸಿದೆ. ಅದರ ವಾಸನೆ ಇತ್ತ ಬೀಸು, ಗಾಳಿಯಣ್ಣಾ.”

ಗಾಳಿ ಬೀಸಿತು. ಕಿರಿಯದು ಒಂದು ಬೇರಿಗೆ ಜೋತುಕೊಂಡಿತ್ತು. ನೀರು ಆಗಲೇ ಅದರ ಹೊಟ್ಟೆಗೆ ಬಂದಿತ್ತು.

“ಕಚ್ಚು ಮಗಾ. ಇನ್ನೂ ಗಟ್ಟಿಯಾಗಿ!”

ಅದು ಕಚ್ಚಿದ್ದು ಹೇಗೆಂದರೆ, ಮುಂದಿನ ಅಣ್ಣ ಕಿರುಚಿಕೊಂಡ.

ಬಂಡೆಯ ಮೇಲೆ ಆನೆ ನಿಂತಿತ್ತು. ಮಂಜಿನೊಳಗಿಂದ ಕಪ್ಪು ಹುರಿಯಂಥದ್ದೊಂದು ತೆವಳಿ ಬರುವುದನ್ನು ಕಂಡು, “ಹಾವು!” ಎಂದು ಹಿಂದೆ ಸರಿಯಿತು.

“ಹಾವಲ್ಲ,” ಎಂದಳು ಸುಂಡವ್ವ ಮೂಗೆತ್ತಿ. “ನಾನು, ನನ್ನ ಮಕ್ಕಳು. ನಾಲ್ಕಕ್ಕೆ ನಾಲ್ಕೂ!”

ಆನೆ ತನ್ನ ಹೊಟ್ಟೆಯಡಿಯ ಒಣ ಜಾಗ ಬಿಟ್ಟುಕೊಟ್ಟಿತು. ಸುಂಡವ್ವ ರಾಣಿಯ ಹಾಗೆ ನಡೆದು ಹೋಗಿ ಕೂತಳು. ಮಕ್ಕಳು ಆಗಲೂ ಬಾಯಿ ಬಿಟ್ಟಿರಲಿಲ್ಲ.

ಅದಕ್ಕೇ ಮಗೂ, ಸುಂಡಿಲಿ ಮರಿಗಳು ಇವತ್ತಿಗೂ ಒಂದರ ಬಾಲದ ಬುಡ ಇನ್ನೊಂದು ಕಚ್ಚಿಕೊಂಡು ತಾಯಿಯ ಹಿಂದೆ ಸಾಲಾಗಿ ಹೊರಡುತ್ತವೆ; ತಾಯಿಯನ್ನು ಮೇಲೆತ್ತಿದರೆ ಸಾಲಿಗೆ ಸಾಲೇ ಎದ್ದು ಬರುತ್ತದೆ.