ಕೊನೇ ಕುರ್ಚಿಗೆ ಕಾಣುವ ಪರದೆ

ನಗುವವರು ಈಗಲೇ ನಕ್ಕುಬಿಡಿ. ಕತೆ ಮುಗಿಯೋ ಹೊತ್ತಿಗೆ ನಗು ಉಳಿದಿರುತ್ತೋ ಇಲ್ಲವೋ, ಅದಕ್ಕೆ ನಾನು ಹೊಣೆಯಲ್ಲ.

ಒಬ್ಬಳು ತಾಯಿ, ಅವಳಿಗೊಬ್ಬ ಮಗ. ತಾಯಿ ಚಿತ್ತಮ್ಮ, ಮಗ ಜುಂಜ. ತುಮಕೂರಿನ ಆಚೆಗೆ ಪೈಪು ಮಾಡುವ ಒಂದು ಕಂಪನಿ. ಅದರ ಆಫೀಸಿನಲ್ಲಿ ಕಸ ಗುಡಿಸಿ, ಮೇಜು ಒರೆಸಿ, ಕಾಫಿ ಕೊಡುತ್ತಾ ಚಿತ್ತಮ್ಮ ಇಪ್ಪತ್ತೆರಡು ವರ್ಷ ಸವೆಸಿದ್ದಳು. ಜುಂಜನಿಗೆ ಮೂವತ್ತೆರಡು. ಆಳು ಬಾಗಿಲೆತ್ತರ. ಬುದ್ಧಿ ಮಾತ್ರ ಹೇಳಿದಷ್ಟೇ. ಹೇಳಿದ್ದಕ್ಕಿಂತ ಒಂದು ಕೂದಲು ಕಮ್ಮಿ ಮಾಡ, ಒಂದು ಕೂದಲು ಜಾಸ್ತಿ ಮಾಡ. "ಹಾಲು ಉಕ್ಕೋದನ್ನ ನೋಡ್ಕೊಳ್ಲಾ" ಅಂದರೆ, ಉಕ್ಕಿ ಒಲೆ ಆರುವವರೆಗೂ ನೋಡಿಕೊಂಡು, "ಚೆನ್ನಾಗಿ ಉಕ್ತು ಕಣವ್ವ" ಅನ್ನುವವನು.

"ನಿನ್ನ ಕಟ್ಕೊಂಡು ನಾನೆಲ್ಲಿಗೋಗ್ಲಿ!" ಅಂತ ಚಿತ್ತಮ್ಮ ಹಣೆ ಚಚ್ಚಿಕೊಳ್ಳುವಳು.

"ಎಲ್ಲಿಗೋಗ್ಬೇಕವ್ವ? ಹೇಳು, ಕರ್ಕೊಂಡೋಗ್ತೀನಿ!"

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಚಿತ್ತಮ್ಮನ ಕಣ್ಣು ಹೋಗಿತ್ತು. ನರ ಸತ್ತಿದೆ, ಇದಕ್ಕೆ ಔಷಧಿಯೂ ಇಲ್ಲ, ಆಪರೇಷನ್ನೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆಫೀಸಿನಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಕಾಫಿ ಕಾಸುವ ಕೋಣೆಯಿಂದ ಮೀಟಿಂಗ್ ರೂಮಿಗೆ ಹತ್ತೊಂಬತ್ತು ಹೆಜ್ಜೆ. ಅಲ್ಲಿ ಎಡಕ್ಕೆ ಮೇಜಿನ ಅಂಚು. ಅಂಚು ಹಿಡಿದು ಹೋದರೆ ಎಂಟು ಕುರ್ಚಿ. ಲೋಟ ತುಂಬಿತೋ ಇಲ್ಲವೋ ಸದ್ದಿನಲ್ಲೇ ತಿಳಿಯುತ್ತಿತ್ತು. ಹಾಗೆ ಲೆಕ್ಕ ಹಾಕಿಕೊಂಡೇ ಎರಡು ವರ್ಷ ತಳ್ಳಿದ್ದಳು. ಗೊತ್ತಾದ ದಿನ ಮನೆಗೆ ಕಳಿಸುತ್ತಾರೆ. ಅದಕ್ಕೆ ಮೊದಲು ಜುಂಜನನ್ನು ತನ್ನ ಜಾಗಕ್ಕೆ ಸೇರಿಸಿಬಿಡಬೇಕು. ಅವಳಿಗಿದ್ದದ್ದು ಅದೊಂದೇ ಆಸೆ.

"ನನ್ ಕಣ್ಣು ಕಾಣಲ್ಲ ಅಂತ ಯಾರತ್ರಾನೂ ಅನ್ಬೇಡ ಕಣ್ಲಾ! ಪ್ರಾಣ ಹೋದ್ರೂ ಅನ್ಬೇಡ!"

"ಅನ್ನಲ್ಲ ಕಣವ್ವ!"

ಆಫೀಸಿನ ಮೇಲ್ವಿಚಾರಕರು ವಾಮನಮೂರ್ತಿ. ಅವರ ತಲೆ ಮೇಲೆ ಆಗ ಒಂದು ಕೆಲಸ ಬಿದ್ದಿತ್ತು. ಮೀಟಿಂಗ್ ರೂಮಿನ ಗೋಡೆಗೆ ದೊಡ್ಡ ಟೀವಿಯಂಥದ್ದನ್ನು ಆರಿಸಿ ಹಾಕಿಸಬೇಕು, ಅದರಲ್ಲಿ ಮುಂಬಯಿಯ ದೊಡ್ಡ ಸಾಹೇಬರು ಮುಖ ತೋರಿಸಿ ಮಾತಾಡಬೇಕು. ಹಿಂದಿನ ಸಲ ಪ್ರೊಜೆಕ್ಟರ್ ಆರಿಸಿದವನು ಕೆಲಸ ಬಿಡುವವರೆಗೂ ಬೈಸಿಕೊಂಡಿದ್ದ. ಈ ಸಲ ಆರಿಸುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಬೈಸಿಕೊಳ್ಳೋದಕ್ಕೆ ಒಬ್ಬ ಬೇಕಿತ್ತು ನೋಡಿ, ಚಿತ್ತಮ್ಮ ಮಗನನ್ನು ಕರೆದುಕೊಂಡು ಎದುರಿಗೆ ನಿಂತಳು.

"ಆಗಲಮ್ಮ. ಈ ಕೆಲಸಕ್ಕೆ ಓಡಾಡಲಿ. ಪರದೆ ಸರಿಯಾಗಿ ಕೂತರೆ ನಿನ್ನ ಜಾಗ ಅವನಿಗೇ," ಅಂದರು ವಾಮನಮೂರ್ತಿ.

ಅವರು ನವೆಂಬರ್ ತಿಂಗಳ ಭಾಷಣದ ಮನುಷ್ಯರು. ಎಲ್ಲಕ್ಕೂ ಕನ್ನಡ ಮಾತೇ ಬೇಕು, ಪರದೆ ಅಂತಲೇ ಅಂದರು. ಸ್ಕ್ರೀನು ಅಂದಿದ್ದರೂ ಬಚಾವಾಗುತ್ತಿರಲಿಲ್ಲ ಬಿಡಿ. ನಮ್ಮ ಕಡೆ ಬಾಗಿಲಿಗೆ ಕಟ್ಟುವ ಬಟ್ಟೆಗೂ ಸ್ಕ್ರೀನು ಅಂತಲೇ ಅನ್ನೋದು.

"ಮೀಟಿಂಗ್ ರೂಮಿಗೆ ಒಂದು ಒಳ್ಳೇ ಪರದೆ ತಗೊಂಡು ಬಾ. ಮೊದಲು ಸ್ಯಾಂಪಲ್ ನೋಡೋಣ. ಚಿತ್ರ ಚೆನ್ನಾಗಿ ಮೂಡಿರಬೇಕು!"

"ಆಯ್ತು ಸಾರ್!"

ಹೋದ. ಬಟ್ಟೆ ಅಂಗಡಿಗೆ ಹೋದ. ತಂದ. ಗೋಡೆಗೆ ಮೊಳೆ ಹೊಡೆದು ಕಟ್ಟಿಯೂ ಬಿಟ್ಟ. ಕೆಂಪು ಬಟ್ಟೆ, ಮೈತುಂಬಾ ಹಸಿರು ಗಿಳಿ.

"ಏನಯ್ಯ ಇದು!" ಅಂದರು ವಾಮನಮೂರ್ತಿ.

"ಪರದೆ ಸಾರ್!"

"ಚಿತ್ರ ಬರೋ ಪರದೆ ಕಣಯ್ಯ!"

"ಬಂದೈತಲ್ಲ ಸಾರ್! ನಲವತ್ತು ಗಿಳಿ! ಎಣಿಸಿದೀನಿ!"

ವಾಮನಮೂರ್ತಿ ಕೂತು ನೀರು ಕುಡಿದರು. "ಬಟ್ಟೆ ಅಲ್ಲಯ್ಯ, ಕರೆಂಟಿನ ಪರದೆ! ಅಂಗಡಿಗೆ ನಾನೇ ಫೋನ್ ಮಾಡ್ತೀನಿ. ನೀನು ಅಳತೆಗೆ ನಿಲ್ಲು. ತಿಳ್ಕೋ, ಪರದೆ ವಿಷಯದಲ್ಲಿ ಉದ್ದ ಬೇರೆ ಅಗಲ ಬೇರೆ ಇಲ್ಲ. ಮೂಲೆಯಿಂದ ಮೂಲೆಗೆ ಅಳೀಬೇಕು!"

"ಆಯ್ತು ಸಾರ್! ಮೂಲೆಯಿಂದ ಮೂಲೆಗೆ!"

ಮನೆಯಲ್ಲಿ ಚಿತ್ತಮ್ಮ ಗಿಳಿಗಳ ಕತೆ ಕೇಳಿ ಅತ್ತಳು. "ಬಟ್ಟೆ ಕೇಳಿದ್ರೇನ್ಲಾ ಅವ್ರು? ಇನ್ಮೇಲೆ ಅವ್ರು ಹೇಳಿದ ಮಾತು ಒಂದೂ ಬಿಡ್ದಂಗೆ ಮಾಡ್ಲಾ, ನಿನ್ ಕಾಲಿಗೆ ಬೀಳ್ತೀನಿ!" ಹೆತ್ತವಳೇ ಹೀಗೆ ಹೇಳಬೇಕೆ! ಬೇರೆ ಯಾರಿಗೆ ಹೇಳಿದ್ದರೂ ಒಳ್ಳೇ ಮಾತೇ, ಆದರೆ ಅವಳು ಹೇಳಿದ್ದು ಜುಂಜನಿಗೆ.

ಎರಡನೇ ದಿನ ಬಡಗಿ ಬಂದ. ಪರದೆ ಕೂರಿಸುವುದಕ್ಕೆ ಗೋಡೆಗೆ ಒಂದು ಹಲಗೆ ಬಡಿಯಬೇಕು. "ಹಲಗೆ ಎಷ್ಟುದ್ದ, ಎಷ್ಟಗಲ?" ಅಂದ.

"ಉದ್ದ ಅಗಲ ಇಲ್ಲ! ಮೂಲೆಯಿಂದ ಮೂಲೆಗೆ!"

"ಯಾವ ಮೂಲೆಯಪ್ಪ?"

"ಗೋಡೆಗೆ ನಾಲ್ಕೇ ಮೂಲೆ ಅಲ್ವಾ!"

ಬಡಗಿಗೇನು, ಕೂಲಿ ಕೂಲಿಯೇ. ಗೋಡೆಯ ಕೆಳಮೂಲೆಯಿಂದ ಮೇಲ್ಮೂಲೆಗೆ ಓರೆಯಾಗಿ ಒಂದೇ ಹಲಗೆ ಬಡಿದು ಹೋದ. ಮಧ್ಯಾಹ್ನ ವಾಮನಮೂರ್ತಿ ಬಂದು ನೋಡಿದರು. ತಲೆ ಓರೆ ಮಾಡಿ ನೋಡಿದರು. ಹಲಗೆ ನೆಟ್ಟಗೆ ಕಾಣಿಸಿತು, ರೂಮು ಓರೆಯಾಯಿತು.

"ಅಯ್ಯೋ ನಿನ್ನ! ಮೂಲೆ ಅಳತೆ ಪರದೆಗೆ ಕಣಯ್ಯ, ಗೋಡೆಗಲ್ಲ!"

"ನೀವು ಹಂಗನ್ಲಿಲ್ಲ ಸಾರ್!"

"ಅಳತೆ ಬಿಡು, ಅಳತೆ ನಾನು ನೋಡ್ಕೋತೀನಿ! ನೀನು ಬೆಳಕು ನೋಡು. ಕಿಟಕಿ ಎದುರಿಗಿದೆ. ಪರದೆ ಮೇಲೆ ಬೆಳಕು ಬೀಳಬಾರದು. ಬಿದ್ದರೆ ಮಿರಮಿರ ಮಿಂಚುತ್ತೆ, ಏನೂ ಕಾಣಲ್ಲ!"

"ಆಯ್ತು ಸಾರ್! ಬೆಳಕು ಬೀಳಬಾರ್ದು!"

ಹೊಸ ಹಲಗೆ ಬಂತು. ಮೊದಲನೇ ಪರದೆ ಅಂಗಡಿಯಿಂದ ಬಂತು, ಗೋಡೆ ಹತ್ತಿತು. ಮರುದಿನ ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರು ಅದರಲ್ಲಿ ಬಂದು ನೋಡುವವರು. ಎಲ್ಲರೂ ಒಳಗೆ ಬಂದರೆ, ಪರದೆಯ ಮೇಲೆ ಗಿಳಿಗಳು! ಜುಂಜ ಆ ಕೆಂಪು ಬಟ್ಟೆಯನ್ನು ಪರದೆಗೆ ಸುತ್ತಿ, ನಾಲ್ಕೂ ಕಡೆ ಗಂಟು ಹಾಕಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಒಳಗಿನಿಂದ ಸಾಹೇಬರ ದನಿ ಮಾತ್ರ ಬರುತ್ತಿತ್ತು. "ಹಲೋ? ನಾನು ಕಾಣಿಸ್ತಿದ್ದೀನಾ? ಹಲೋ?"

"ಒಂದು ಹನಿ ಬೆಳಕೂ ಬೀಳಲ್ಲ ಸಾರ್!" ಅಂದ ಜುಂಜ.

ಆ ದಿನ ವಾಮನಮೂರ್ತಿ ಬೈದ ಬೈಗುಳದಲ್ಲಿ ಒಂದೂ ಅಪ್ಪಟ ಕನ್ನಡವಾಗಿರಲಿಲ್ಲ. ಕೊನೆಗೆ ದನಿ ಬಿದ್ದುಹೋಗಿ, ಮೇಜಿನ ತುದಿಯ ಕುರ್ಚಿ ತೋರಿಸಿ ಅಂದರು: "ನೋಡಪ್ಪ, ಇದೇ ಕೊನೇ ಮಾತು. ಇದು ವಾಪಸ್ಸು ಹೋಗಲಿ. ಶುಕ್ರವಾರ ಬೇರೆ ಮೂರು ಪರದೆ ತರಿಸ್ತೀನಿ. ಚಿಕ್ಕದು, ಅದಕ್ಕಿಂತ ದೊಡ್ಡದು, ಎಲ್ಲಕ್ಕಿಂತ ದೊಡ್ಡದು. ಈ ಕೊನೇ ಕುರ್ಚಿಯಲ್ಲಿ ಕೂತವರಿಗೆ ಕಾಣಬೇಕು. ಕಂಡರೆ ಅದೇ ಸರಿಯಾದ ಪರದೆ. ಕಾಣದಿದ್ದರೆ ವಾಪಸ್ಸು. ಅಷ್ಟು ನೋಡಿದರೆ ಕೆಲಸ ನಿಂದು. ತಪ್ಪಿದರೆ ನಾನೇನೂ ಮಾಡೋಕಾಗಲ್ಲ."

"ಆಯ್ತು ಸಾರ್! ಕೊನೇ ಕುರ್ಚಿ!"

ಮನೆಗೆ ಬಂದು ಹೇಳಿದ. ಚಿತ್ತಮ್ಮನಿಗೆ ಜೀವ ಬಂದಂತಾಯಿತು. ಇದರಲ್ಲಿ ತಪ್ಪೋದಕ್ಕೇನಿದೆ? ಒಬ್ಬರನ್ನು ಕೂರಿಸಬೇಕು, ಕಾಣುತ್ತಾ ಅಂತ ಕೇಳಬೇಕು. ಆ ರಾತ್ರಿ ಅವಳು ಹೊಟ್ಟೆ ತುಂಬ ಉಂಡಳು. ನನಗೆ ಬೇಜಾರಾಗೋದು ಅದನ್ನು ನೆನೆಸಿಕೊಂಡರೇ.

ಶುಕ್ರವಾರ ಬಂತು. ಆಫೀಸಿನ ಏಳು ಮಂದಿ ಏಳು ಕುರ್ಚಿ ಹಿಡಿದರು. ಎಂಟನೆಯದು, ಕೊನೆಯದು, ಖಾಲಿ ಇತ್ತು. ಕೂರುವುದಕ್ಕೆ ಯಾರೂ ಇಲ್ಲ. ಜುಂಜ ಸುತ್ತ ನೋಡಿದ. ಚಿತ್ತಮ್ಮ ಕಾಫಿ ತಟ್ಟೆ ಹಿಡಿದುಕೊಂಡು ಹತ್ತೊಂಬತ್ತು ಹೆಜ್ಜೆ ಎಣಿಸಿ ಒಳಗೆ ಬಂದಳು.

"ಅವ್ವ, ಕೂತ್ಕೋ!"

"ಯಾಕ್ಲಾ? ಬ್ಯಾಡ ಕಣ್ಲಾ!"

"ಕೂರಲಿ ಬಿಡಿ. ಇಷ್ಟು ವರ್ಷದಿಂದ ನಿಂತೇ ಇದ್ದಾರೆ," ಅಂದರು ವಾಮನಮೂರ್ತಿ. ಅವರು ಒಳ್ಳೇ ಮನಸ್ಸಿನಿಂದಲೇ ಅಂದದ್ದು. ಚಿತ್ತಮ್ಮ ತಟ್ಟೆಯನ್ನು ಮೇಜಿನ ಮೇಲಿಟ್ಟು ಕೂತಳು.

ಚಿಕ್ಕ ಪರದೆ ಹಚ್ಚಿದರು. "ಕಾಣ್ತದಾ ಅವ್ವ?"

"ಕಾಣ್ತದಪ್ಪ."

"ಏನು ಕಾಣ್ತದೆ?"

"ಚೆನ್ನಾಗಿ ಕಾಣ್ತದೆ."

"ಏನು ಕಾಣ್ತದೆ ಅಂತ ಅನ್ನಲಿಲ್ಲ ಸಾರ್. ಕಂಡಿಲ್ಲ. ವಾಪಸ್ಸು!" ಅಂದ ಜುಂಜ. ಅಂಗಡಿಯ ಆಳುಗಳಿಬ್ಬರು ಅದನ್ನು ಇಳಿಸಿ ಹೊತ್ತುಕೊಂಡು ಹೋದರು. ಎರಡನೆಯದಕ್ಕೂ ಅದೇ ಪ್ರಶ್ನೆ, ಅದೇ ಉತ್ತರ. ಅದೂ ವಾಪಸ್ಸು. ಚಿತ್ತಮ್ಮನ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ಮೂರನೆಯದು ಗೋಡೆಯ ಅರ್ಧ ಇತ್ತು. ಹಚ್ಚಿದರೆ ದೊಡ್ಡ ಸಾಹೇಬರ ಮುಖ, ಬಾಗಿಲಷ್ಟು ದೊಡ್ಡದು. ಮೂಗಿನ ಮೇಲಿನ ಮಚ್ಚೆ ಕೂಡ ಲಿಂಬೆಹಣ್ಣಿನಷ್ಟು ಕಾಣುತ್ತಿತ್ತು. ಸಾಹೇಬರು ಇನ್ನೂ ಮಾತು ಶುರು ಮಾಡಿರಲಿಲ್ಲ. ನಗುತ್ತಾ ಕೂತಿದ್ದರು.

"ಅವ್ವ, ಏನು ಕಾಣ್ತದೆ ಹೇಳು! ಇದೇ ಕೊನೇದು!"

ಇದೇ ಕೊನೇದು ಅಂದರೆ, ಈಗ ಹೇಳದಿದ್ದರೆ ಮಗನ ಕೆಲಸ ಹೋಯಿತು. ಚಿತ್ತಮ್ಮ ಇದ್ದಬದ್ದ ನೆನಪನ್ನೆಲ್ಲಾ ಕೆದಕಿದಳು. ಈ ಗೋಡೆಯ ಮೇಲೆ ಏನಿತ್ತು ಅಂತ ಅವಳಿಗೆ ಗೊತ್ತಿದ್ದದ್ದು ಒಂದೇ. ಧೈರ್ಯ ಮಾಡಿ, ನಗುಮುಖ ಮಾಡಿಕೊಂಡು ಅಂದಳು:

"ಗಿಳಿ ಕಾಣ್ತವೆ ಸಾರ್. ಹಸಿರು ಗಿಳಿ. ಬೋ ಚೆನ್ನಾಗಿ ಕಾಣ್ತವೆ."

ಏಳು ಮಂದಿಯೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಿಲ್ಲಿಸಿದರು. ವಾಮನಮೂರ್ತಿ ಎದ್ದು ಬಂದು ಚಿತ್ತಮ್ಮನ ಮುಖದ ಮುಂದೆ ಕೈ ಆಡಿಸಿದರು. ಅವಳ ರೆಪ್ಪೆ ಮಿಟುಕಲಿಲ್ಲ.

"ನೋಡಿದ್ರಾ ಸಾರ್! ಇದೂ ಸರಿ ಇಲ್ಲ!" ಅಂತ ಜುಂಜ ಸಾಹೇಬರ ಮುಖದ ವೈರು ಕಿತ್ತ.

ಅವತ್ತೇ ಚಿತ್ತಮ್ಮನಿಗೆ ಒಂದು ಹಾರ, ಒಂದು ಶಾಲು, ಎರಡು ಕಿತ್ತಳೆಹಣ್ಣು ಕೊಟ್ಟು ಕಳಿಸಿದರು. ಬಿಸಿ ಕಾಫಿ ಯಾರ ಮೇಲಾದರೂ ಚೆಲ್ಲಿದರೆ ಗತಿಯೇನು, ನೀನೇ ಎಲ್ಲಾದರೂ ಬಿದ್ದರೆ ಏನು ಮಾಡೋದು ಅಂದರು. ಜುಂಜನ ಕೆಲಸದ ಮಾತನ್ನು ಯಾರೂ ಎತ್ತಲಿಲ್ಲ. ಚಿತ್ತಮ್ಮನೂ ಎತ್ತಲಿಲ್ಲ.

ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಜುಂಜ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ.

"ನಾನು ಅನ್ಲಿಲ್ಲ ಕಣವ್ವ," ಅಂದ ಅವನೇ. "ನಿನ್ ಕಣ್ಣು ಕಾಣಲ್ಲ ಅಂತ ಅನ್ನಲೇ ಇಲ್ಲ. ಪರದೆ ಸರಿ ಇಲ್ಲ ಅಂದೆ."

"ಹೂಂ ಕಣಪ್ಪ. ನೀನು ಅನ್ಲಿಲ್ಲ."

ಚಿತ್ತಮ್ಮ ಕಿತ್ತಳೆಹಣ್ಣು ಸುಲಿದು ಅವನ ಕೈಗಿಟ್ಟಳು. "ಹೋಗ್ಲಿ ಬಿಡು. ನಾಳೆ ಇಟ್ಟಿಗೆ ಗೂಡಿನ ಹತ್ರ ಹೋಗಿ ನಿಂಗೇನಾದ್ರೂ ಕೆಲ್ಸ ಕೇಳೋಣ. ಇನ್ಮೇಲೆ ನೀನೇ ನನ್ ಕಣ್ಣು ಕಣ್ಲಾ. ಅದೊಂದು ನೆಪ್ಪಿಟ್ಕೋ, ಸಾಕು."

"ಆಯ್ತವ್ವ! ನಾನೇ ನಿನ್ ಕಣ್ಣು!"

ಬೆಳಗಾಯಿತು. ಜುಂಜ ಮುಂದೆ, ಅವನ ಭುಜ ಹಿಡಿದು ಚಿತ್ತಮ್ಮ ಹಿಂದೆ. ಒಂದು ಹೆಜ್ಜೆ, ಎರಡು ಹೆಜ್ಜೆ, ಮೂರನೇ ಹೆಜ್ಜೆಗೆ ಧಡ್! ಬೀದಿಯ ಚರಂಡಿಯೊಳಗೆ ಜುಂಜ, ಅವನ ಮೇಲೆ ಚಿತ್ತಮ್ಮ.

"ಏನ್ಲಾ ಇದು! ನಿನ್ ಕಣ್ಣಿಗೇನಾಯ್ತೋ!" ಅಂತ ಚಿತ್ತಮ್ಮ ಗಾಬರಿಯಲ್ಲಿ ಅವನ ಮುಖ ತಡವಿದಳು. ಹಣೆ ಸಿಕ್ಕಿತು, ಹುಬ್ಬು ಸಿಕ್ಕಿತು, ರೆಪ್ಪೆ ಸಿಕ್ಕಿತು. ಎರಡೂ ರೆಪ್ಪೆ ಬಿಗಿಯಾಗಿ ಮುಚ್ಚಿದ್ದವು.

"ಯಾಕ್ಲಾ ಮುಚ್ಕೊಂಡಿದೀಯ?"

"ನಾನು ನಿನ್ ಕಣ್ಣಲ್ವೇನವ್ವ?" ಅಂದ ಜುಂಜ. "ನಿನ್ ಕಣ್ಣು ಕಾಣಲ್ವಲ್ಲ!"