ಕೂಗಿ ಹಾಕಿದ ಉಪ್ಪು

“ಅಮ್ಮಾ, ತಪ್ಪು ಬೇರೆಯವರದು, ಬೈಗುಳ ನನಗೆ. ಬಟ್ಟೆ ಅಂಗಡಿಯಲ್ಲಿ ನನ್ನನ್ನಿನ್ನೂ ಖಾಯಂ ಮಾಡಿಲ್ಲ. ಬಾಯಿ ಬಿಟ್ಟರೆ ಓಡಿಸುತ್ತಾರೆ. ಸಹಿಸಿಕೊಂಡಿರಲೋ, ಬಿಟ್ಟುಬರಲೋ?” ಎಂದು ಶಿಷ್ಯ ಕೇಳಿದ.

ಗುರುವಮ್ಮನಿಗೆ ರೇಗಿತು. “ಸಹಿಸೋದು, ಇಲ್ಲ ಬಿಟ್ಟು ಓಡೋದು! ನಿಮಗೆ ಇವೆರಡೇ ದಾರಿ ಕಾಣಿಸೋದು? ಬಾಗಿಲಲ್ಲಿ ನಿಂತು ಗೋಳಾಡಬೇಡ. ಒಳಗೆ ಬಾ, ಚಾಪೆ ಎಳೆದುಕೊ, ಕಾಲು ಮಡಚಿ ಕೂತುಕೊ. ನಡುವೆ ಬಾಯಿ ಹಾಕಿದರೆ ಎದ್ದು ಹೋಗುತ್ತೇನೆ,” ಎಂದು ಗದರಿ ಕತೆ ಹೇಳತೊಡಗಿದಳು.

ಒಂದು ದೇವಸ್ಥಾನ. ಅಲ್ಲಿ ದಿನವೂ ಬಂದವರಿಗೆಲ್ಲ ಊಟ. ನೈವೇದ್ಯ ಆಗುವ ಮೊದಲು ಅಡಿಗೆಯನ್ನು ಯಾರೂ ನಾಲಿಗೆಗೆ ಸೋಕಿಸುವಂತಿಲ್ಲ. ಉಪ್ಪು ಹೆಚ್ಚೋ ಕಡಿಮೆಯೋ, ಪಂಕ್ತಿಯಲ್ಲಿ ಕೂತವರ ಮುಖ ನೋಡಿಯೇ ತಿಳಿಯಬೇಕು.

ಆ ಅಡಿಗೆಮನೆಗೆ ಒಬ್ಬ ಹುಡುಗ ಹೊಸದಾಗಿ ಸೇರಿದ. “ದೀಪಾವಳಿ ತನಕ ನೋಡುತ್ತೇನೆ. ಸರಿಹೋದರೆ ಇರು, ಇಲ್ಲದಿದ್ದರೆ ಹೊರಡು,” ಎಂದಿದ್ದ ದೇವಸ್ಥಾನದ ಆಡಳಿತ ನೋಡುವ ಪಾರುಪತ್ಯಗಾರ. ಕೆಲಸ ಗಟ್ಟಿಯಾದರೆ, ನೆಂಟರ ಮನೆಯಲ್ಲಿ ಮುಸುರೆ ತಿಕ್ಕುತ್ತಿದ್ದ ತಂಗಿಯನ್ನು ಕರೆತರಬಹುದು. ಹುಡುಗನಿಗೆ ಇದ್ದದ್ದು ಅದೊಂದೇ ಆಸೆ.

ಹಿರಿಯ ಅಡಿಗೆಯವನಿಗೆ ಕೈಗಿಂತ ಬಾಯಿ ಜೋರು. ಹರಟುತ್ತಾ ಸಾರಿಗೆ ಎರಡು ಸಲ ಉಪ್ಪು ಸುರಿಯುವನು. ಪಂಕ್ತಿಯಲ್ಲಿ ಗದ್ದಲವೆದ್ದರೆ, “ಹೊಸಬ ಹಾಕಿದ್ದು,” ಎನ್ನುವನು. ಇನ್ನೊಂದು ದಿನ ಪಲ್ಯಕ್ಕೆ ಹಾಕುವುದನ್ನೇ ಮರೆಯುವನು. ಅದೂ ಹೊಸಬನ ತಲೆಗೆ. ಹುಡುಗ ತಲೆ ತಗ್ಗಿಸಿ ನಿಂತ. ಇವತ್ತಲ್ಲ ನಾಳೆ ತನ್ನ ತಾಳ್ಮೆ ಯಾರ ಕಣ್ಣಿಗಾದರೂ ಬಿದ್ದೀತು ಎಂದುಕೊಂಡ. ಯಾರ ಕಣ್ಣಿಗೆ ಬೀಳಬೇಕು? ಎಲ್ಲರೂ ಊಟಕ್ಕೆ ಬಂದವರು!

ಕೊನೆಗೆ ಪಾರುಪತ್ಯಗಾರನ ಮುಂದೆ ಹೋಗಿ ಅತ್ತ. “ಅವನು ನೀನು ಅಂತಾನೆ, ನೀನು ಅವನು ಅಂತೀಯ. ಕರಗಿಹೋದ ಉಪ್ಪು ಯಾರ ಕೈಯದು ಅಂತ ನಾನೇನು ಹೇಳಲಿ? ಹೋಗು, ಹೋಗು,” ಎಂದು ಅವನು ಕೈ ಬೀಸಿದ.

ಆ ಮಾತು ಹುಡುಗನ ತಲೆಯಲ್ಲಿ ನಿಂತಿತು. ಮರುದಿನ ಕೊಪ್ಪರಿಗೆಯ ಮುಂದೆ ಗಂಟಲು ಸರಿಮಾಡಿಕೊಂಡು, “ಸಾರಿಗೆ ಉಪ್ಪು ಹಾಕಿದೆ! ಹಾಕಿದವನು ನಾನು!” ಎಂದು ಕೂಗಿದ.

ಅಡಿಗೆಮನೆಯೇ ನಕ್ಕಿತು. “ಏನಯ್ಯಾ, ದೇವರಿಗೇನು ಕಿವಿ ಕೇಳಿಸೋದಿಲ್ಲವೇ?” ಎಂದ ಹಿರಿಯ.

“ದೇವರಿಗೆ ಕೇಳಿಸುತ್ತೆ ಭಟ್ಟರೇ. ನಿಮಗೆ ಕೇಳಿಸಲಿ ಅಂತ.”

ಅಂದಿನಿಂದ ದಿನವೂ ಕೂಗಿದ. “ಉಪ್ಪಿನ ದಾಸಯ್ಯ ಬಂದ,” ಎಂದು ಆಡಿಕೊಂಡರು. ಆದರೂ ಕೂಗಿದ. ತಾನೇ ಹೆಚ್ಚು ಹಾಕಿದ ದಿನ ತಪ್ಪಿಸಿಕೊಳ್ಳುವಂತಿರಲಿಲ್ಲ, ಬೈಸಿಕೊಂಡ.

ದೀಪಾವಳಿ ಹತ್ತಿರವಾದಾಗ ಒಂದು ದಿನ ಹುಳಿ ಬಾಯಿಗಿಡಲಾರದಷ್ಟು ಉಪ್ಪಾಯಿತು. ಪಾರುಪತ್ಯಗಾರ ಎಲೆ ಬಿಟ್ಟೆದ್ದು ಬಂದ. ಹಿರಿಯ ಎಂದಿನಂತೆ ಹುಡುಗನತ್ತ ಬೆರಳು ಮಾಡಿದ. ಹಿತ್ತಿಲಲ್ಲಿ ಬಾಳೆಲೆ ತೊಳೆಯುತ್ತಿದ್ದ ಮುದುಕಿ ಒಳಗೆ ಇಣುಕಿ, “ಹುಳಿಗೆ ಉಪ್ಪು ಹಾಕಿದೆ ಅಂತ ಹುಡುಗ ಒಂದು ಸಲ ಕೂಗಿದ್ದು ಬಾವಿಕಟ್ಟೆಗೇ ಕೇಳಿಸಿತು. ಆಮೇಲೆ ಮತ್ತೆ ಹಾಕಿದ ಕೈ ಯಾವುದು ಭಟ್ಟರೇ?” ಎಂದಳು. ಆ ಕೂಗನ್ನು ಪಾರುಪತ್ಯಗಾರನೂ ಜಗಲಿಯಲ್ಲಿ ಕೂತು ಕೇಳಿದ್ದ. ಹಿರಿಯನ ಬೆರಳು ತಾನಾಗಿ ಮಡಚಿಕೊಂಡಿತು.

ಹುಡುಗ ಅಲ್ಲೇ ಉಳಿದ. ತಂಗಿ ಬಂದು ಸೇರಿಕೊಂಡಳು. ಇನ್ನು ಉಪ್ಪು ಹಾಕಿದವರೆಲ್ಲ ಕೂಗಬೇಕೆಂದಾಯಿತು. ಹಿರಿಯನಿಗೆ ಕೂಗಲು ನಾಚಿಕೆ. ಸಾಯುವ ತನಕ ಉಪ್ಪು ಮುಟ್ಟಲಿಲ್ಲ. ಮುದುಕಿಗೆ ಯಾರೂ ಏನೂ ಕೊಡಲಿಲ್ಲ. ಅವಳು ಎಲೆ ತೊಳೆಯುತ್ತಲೇ ಇದ್ದಳು. ಉಪ್ಪು ಹಾಕಿದವರು ಕೂಗಬೇಕು ಎಂಬ ಕಟ್ಟಳೆ ತಾನೇ ಮಾಡಿದ್ದೆಂದು ಪಾರುಪತ್ಯಗಾರ ಊರೆಲ್ಲ ಹೇಳಿಕೊಂಡು ತಿರುಗಿದ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಸರಿಯಮ್ಮ. ಕೂಗಿದ್ದಕ್ಕೇ ಅವನನ್ನು ಓಡಿಸಿಬಿಟ್ಟಿದ್ದರೆ?” ಎಂದ.

ಗುರುವಮ್ಮ ಹೇಳಿದಳು: “ಓಡಿಸಿದ್ದರೆ ಹೋಗುತ್ತಿದ್ದ ಕಣಪ್ಪ, ತಾನು ಹಾಕದ ಉಪ್ಪನ್ನು ಹೊತ್ತುಕೊಂಡು ಹೋಗುತ್ತಿರಲಿಲ್ಲ.”